68ನೇ ವಯಸ್ಸಿನಲ್ಲಿ ಬಾವುಟ ಹಾರಿಸಿದ ಸರ್ಕಾರಿ ಅಧಿಕಾರಿ

ಕಳೆದ ನವೆಂಬರಿನ ಮಾತು. ನಮ್ಮ ಪ್ರಾಜೆಕ್ಟಿನ ಒಂದು ರಿಲೀಸು 28ನೇ ತಾರೀಖಿಗೆ ಅಂತ ನಿಗದಿಯಾಗಿತ್ತು. ಟೀಮಿನಲ್ಲಿ ಪುಣೆಯವರು ನಾವು ಆರು ಜನ, ಟಿರಾನಾದಲ್ಲಿ ಕೂತು ಕೆಲಸ ಮಾಡುವವರು ಇಬ್ಬರು. ಟಿರಾನಾ ಅಲ್ಬೇನಿಯಾದ ರಾಜಧಾನಿ ಅನ್ನುವುದು ಈ ಪ್ರಾಜೆಕ್ಟಿಗೆ ಬರುವ ತನಕ ನನಗೂ ಗೊತ್ತಿರಲಿಲ್ಲ. ಅಲ್ಲಿನ ಸಹೋದ್ಯೋಗಿ ಕ್ಯಾಲೆಂಡರ್ ನೋಡಿ, "28 ನನಗೆ ಆಗುವುದಿಲ್ಲ, ಅವತ್ತು ನಮ್ಮ ಬಾವುಟದ ದಿನ" ಅಂದರು.

"ನಮಗೂ ಈ ತಿಂಗಳು ಬಾವುಟದ್ದೇ ತಿಂಗಳು" ಅಂದೆ ನಾನು. ನನ್ನ ಮೇಜಿನ ಮೇಲೆ ಸಂಘದ ರಾಜ್ಯೋತ್ಸವದಲ್ಲಿ ಕೊಟ್ಟ ಪುಟ್ಟ ಹಳದಿ-ಕೆಂಪು ಬಾವುಟ ಇನ್ನೂ ಇತ್ತು. ಅದನ್ನು ಕ್ಯಾಮೆರಾಕ್ಕೆ ಹಿಡಿದೆ. "ಆಗಸ್ಟಿನಲ್ಲಿ ಸ್ವಾತಂತ್ರ್ಯ ದಿನ ಅಂತ ರಜೆ ಹಾಕಿದ್ದಿರಲ್ಲ, ಇದು ಯಾವ ಬಾವುಟ?" ಎಂದು ಅವರು ಕೇಳಿದರು. ಕನ್ನಡ ಮಾತನಾಡುವವರು ಮುಂಬೈ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದದ್ದು, 1956ರ ನವೆಂಬರ್ 1ರಂದು ಒಂದೇ ರಾಜ್ಯವಾದದ್ದು, 1973ರಲ್ಲಿ ಅದಕ್ಕೆ ಕರ್ನಾಟಕ ಎಂದು ಹೆಸರಿಟ್ಟದ್ದು, ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಮೊದಲು ಕೇಳಿದ್ದೂ ಇದನ್ನೇ. ಕೊಡಲಿಲ್ಲ. ಆಮೇಲೆ ದೇಶವನ್ನೇ ಮಾಡಿಕೊಳ್ಳಬೇಕಾಯಿತು" ಅಂದರು. ಪರ್ಸಿನಿಂದ 500 ಲೆಕ್‌ನ ನೋಟು ತೆಗೆದು ತೋರಿಸಿದರು. ಅದರ ಮೇಲೆ ಬಿಳಿ ಗಡ್ಡದ ಒಬ್ಬ ಮುದುಕರ ಚಿತ್ರ. "ಇವರೇ ಇಸ್ಮಾಯಿಲ್ ಚೆಮಾಲಿ. ಬಾವುಟ ಹಾರಿಸಿದವರು."

ರಿಲೀಸು ಡಿಸೆಂಬರಿಗೆ ಹೋಯಿತು. ಆದರೆ ಆ ಮಾತು ತಲೆಯಲ್ಲೇ ಉಳಿಯಿತು. "ನಾವು ಮೊದಲು ಕೇಳಿದ್ದೂ ಇದನ್ನೇ" ಅಂದರೆ ಏನು? ಅಲ್ಲಿಂದ ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮಂತೆ ಊರು ಬಿಟ್ಟು ದೊಡ್ಡ ಪಟ್ಟಣದಲ್ಲಿ, ಬೇರೆಯವರ ಭಾಷೆಯಲ್ಲಿ ನೌಕರಿ ಮಾಡಿದವರ ಕಥೆ ಅದು. ಹಾಗಾಗಿ ನಿಮಗೂ ಹೇಳಬೇಕೆನಿಸಿತು.

ಭಾಷೆ ಎಂಬ ಕಾಲಮ್ಮೇ ಇಲ್ಲದ ರಾಜ್ಯ

ಚೆಮಾಲಿ ಹುಟ್ಟಿದ್ದು 1844ರ ಜನವರಿಯಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ವ್ಲೋರಾ ಎಂಬ ಬಂದರು ಊರಿನಲ್ಲಿ. ಸಮುದ್ರದಾಚೆಗೆ ಇಟಲಿ. ಊರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡ ಶ್ರೀಮಂತ ಜಮೀನ್ದಾರಿ ಕುಟುಂಬ. ಆಗ ಅಲ್ಬೇನಿಯಾ ಎಂಬ ದೇಶ ಇರಲಿಲ್ಲ. ನಾಲ್ಕು ಶತಮಾನಗಳಿಂದ ಅದು ಒಟ್ಟೋಮನ್ ತುರ್ಕರ ಸಾಮ್ರಾಜ್ಯದ ಭಾಗ. ಅಲ್ಬೇನಿಯನ್ ಮಾತನಾಡುವವರು ಶ್ಕೋದ್ರಾ, ಕೊಸೊವೊ, ಮನಾಸ್ತಿರ್, ಯಾನಿನಾ ಎಂಬ ನಾಲ್ಕು ಪ್ರಾಂತ್ಯಗಳಲ್ಲಿ ಹರಡಿದ್ದರು. ನಾಲ್ಕರಲ್ಲೂ ಬೇರೆ ಭಾಷೆಯವರ ಜೊತೆ ಬೆರೆತಿದ್ದರು.

ಅವರ ಕಷ್ಟ ನಮ್ಮದಕ್ಕಿಂತ ಒಂದು ಸುತ್ತು ಹೆಚ್ಚು. ಒಟ್ಟೋಮನ್ ಸರ್ಕಾರ ಪ್ರಜೆಗಳನ್ನು ಎಣಿಸುತ್ತಿದ್ದದ್ದು ಧರ್ಮದ ಪ್ರಕಾರ. ಅಲ್ಬೇನಿಯನ್ನರಲ್ಲಿ ಬಹುಸಂಖ್ಯಾತರು ಮುಸ್ಲಿಮರು, ಅವರಲ್ಲಿ ಸುನ್ನಿಗಳೂ ಇದ್ದರು, ಬೆಕ್ತಾಷಿ ಸೂಫಿ ಪಂಥದವರೂ ಇದ್ದರು. ದಕ್ಷಿಣದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು, ಉತ್ತರದ ಬೆಟ್ಟಗಳಲ್ಲಿ ಕ್ಯಾಥೊಲಿಕರು. ಸರ್ಕಾರದ ಲೆಕ್ಕದಲ್ಲಿ ಅಲ್ಬೇನಿಯನ್ ಮುಸ್ಲಿಮನೂ ತುರ್ಕನೂ ಒಂದೇ ಗುಂಪು. ಅಲ್ಬೇನಿಯನ್ ಆರ್ಥೊಡಾಕ್ಸನೂ ಗ್ರೀಕನೂ ಒಂದೇ ಗುಂಪು. ಮುಸ್ಲಿಂ ಮಗು ತುರ್ಕಿ ಶಾಲೆಗೆ, ಆರ್ಥೊಡಾಕ್ಸ್ ಮಗು ಗ್ರೀಕ್ ಶಾಲೆಗೆ ಹೋಗಬೇಕು, ಕ್ಯಾಥೊಲಿಕ್ ಮಗು ಕಲಿಯುತ್ತಿದ್ದದ್ದು ಹೆಚ್ಚಾಗಿ ಇಟಾಲಿಯನ್. ಮೂವರೂ ಮನೆಯಲ್ಲಿ ಆಡುವ ಮಾತು ಒಂದೇ, ಅದಕ್ಕೊಂದು ಶಾಲೆ ಮಾತ್ರ ಇರಲಿಲ್ಲ. ಬರೆಯುವಾಗ ಒಬ್ಬರು ಅರಬ್ಬಿ ಲಿಪಿ, ಇನ್ನೊಬ್ಬರು ಗ್ರೀಕ್ ಲಿಪಿ, ಮತ್ತೊಬ್ಬರು ಲ್ಯಾಟಿನ್ ಲಿಪಿ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಆ ಸರ್ಕಾರದ ಡೇಟಾಬೇಸಿನಲ್ಲಿ ಭಾಷೆ ಎಂಬ ಕಾಲಮ್ಮೇ ಇರಲಿಲ್ಲ. ಕಾಲಮ್ ಇಲ್ಲದ ಮೇಲೆ ನೀವು ಎಷ್ಟು ಜನ ಇದ್ದರೇನು, ಲೆಕ್ಕಕ್ಕೇ ಬರುವುದಿಲ್ಲ.

ಹುಡುಗ ಇಸ್ಮಾಯಿಲ್ ಓದಿದ್ದು ಯಾನಿನಾದ ಜೊಸಿಮೈಯಾ ಎಂಬ ಹೆಸರಾಂತ ಗ್ರೀಕ್ ಶಾಲೆಯಲ್ಲಿ. ಮುಂದೆ ಅಲ್ಬೇನಿಯನ್ ಸಾಹಿತ್ಯಕ್ಕೆ ಅಡಿಪಾಯ ಹಾಕಿದ ನಯೀಮ್ ಮತ್ತು ಸಾಮಿ ಫ್ರಾಶರಿ ಸಹೋದರರು ಓದಿದ್ದೂ ಅಲ್ಲೇ. ಶಾಲೆ ಮುಗಿದ ಮೇಲೆ, ಇನ್ನೂ ಹದಿಹರೆಯದಲ್ಲೇ, ಅವರು ರಾಜಧಾನಿ ಇಸ್ತಾಂಬುಲಿಗೆ ಹೊರಟರು. ವಿದೇಶಾಂಗ ಇಲಾಖೆಯಲ್ಲಿ ಭಾಷಾಂತರಕಾರನ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಬದುಕಿನ ಬಹುಪಾಲು ಊರಿನ ಹೊರಗೇ.

ದೊಡ್ಡ ಮನೆಯ ರಿಪೇರಿ

ಸ್ವಾತಂತ್ರ್ಯ ಹೋರಾಟಗಾರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರಕ್ಕೂ ಈ ಮನುಷ್ಯನಿಗೂ ಸಂಬಂಧವಿಲ್ಲ. ಇವರು ಅಪ್ಪಟ ಸರ್ಕಾರಿ ಅಧಿಕಾರಿ. ಆ ಕಾಲದ ದೊಡ್ಡ ಸುಧಾರಣಾವಾದಿ ಮಿಧತ್ ಪಾಷಾ ಅವರ ಬಳಗಕ್ಕೆ ಸೇರಿದರು, ಬಾಲ್ಕನ್ ಭಾಗದ ಹಲವು ಪಟ್ಟಣಗಳಲ್ಲಿ ಆಡಳಿತ ನಡೆಸಿದರು. ಸಾಮ್ರಾಜ್ಯಕ್ಕೆ ಒಂದು ಸಂವಿಧಾನ, ಒಂದು ಸಂಸತ್ತು, ಎಲ್ಲ ಧರ್ಮದವರಿಗೂ ಸಮಾನ ಹಕ್ಕು ಬಂದರೆ ಎಲ್ಲರೂ ಒಂದೇ ಸೂರಿನಡಿ ಬಾಳಬಹುದು ಎಂಬುದು ಆ ಬಳಗದ ನಂಬಿಕೆ. 1876ರ ಡಿಸೆಂಬರಿನಲ್ಲಿ ಸಂವಿಧಾನ ಬಂದೂ ಬಂತು. ಆದರೆ ಹೊಸ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಎರಡು ತಿಂಗಳೊಳಗೆ ಮಿಧತ್ ಪಾಷಾರನ್ನು ಹೊರಹಾಕಿದ. 1878ರಲ್ಲಿ ಸಂಸತ್ತಿಗೆ ಬೀಗ ಹಾಕಿಸಿದ. ಮಿಧತ್ ಪಾಷಾ ಕೊನೆಗೆ ಅರೇಬಿಯಾದ ತಾಯಿಫ್ ಸೆರೆಯಲ್ಲಿ ಕೊಲೆಯಾದರು. ಚೆಮಾಲಿಯವರನ್ನು ಅನಟೋಲಿಯಾಕ್ಕೆ ಗಡಿಪಾರು ಮಾಡಲಾಯಿತು.

ಹಲವು ವರ್ಷಗಳ ನಂತರ ಸುಲ್ತಾನನೇ ವಾಪಸು ಕರೆಸಿಕೊಂಡ. ಬೈರೂತಿನ ಗವರ್ನರ್ ಮಾಡಿದ. ಚೆಮಾಲಿ ಹೋದರು. ಗಡಿಪಾರು ಮಾಡಿದವನ ಕೈಕೆಳಗೇ ಮತ್ತೆ ಯಾಕೆ ಕೆಲಸ ಮಾಡಿದರು ಎಂದು ಓದುವಾಗ ನನಗೆ ಸಿಟ್ಟೂ ಬಂತು. ಆಮೇಲೆ ಯೋಚಿಸಿದೆ. ಕಂಪನಿ ಸರಿಯಿಲ್ಲ ಎಂದು ದಿನಾ ಬೈಯುತ್ತ, ಒಳಗಿದ್ದೇ ಸರಿ ಮಾಡೋಣ ಎಂದುಕೊಳ್ಳುತ್ತ ಹದಿನೈದು ವರ್ಷ ಕಳೆದವನು ನಾನು. ಇವರ ಕೈಯಲ್ಲಿದ್ದದ್ದು ಒಂದು ಸಾಮ್ರಾಜ್ಯ, ಬಿಟ್ಟು ಹೋಗಲು ಬೇರೆ ಜಾಗವೂ ಇರಲಿಲ್ಲ. ಸುಧಾರಣೆ ಬೇಕೆಂದು ಸುಲ್ತಾನನಿಗೆ ಸಲಹೆ ಕೊಡುತ್ತಲೇ ಇದ್ದರು. ಸುಲ್ತಾನ ಗೂಢಚಾರರನ್ನು ಹಿಂದೆ ಬಿಡುತ್ತಲೇ ಇದ್ದ.

1900ರಲ್ಲಿ ದಾರಿ ಮುಗಿಯಿತು. ಇಸ್ತಾಂಬುಲಿನಲ್ಲಿ ಬ್ರಿಟಿಷ್ ರಾಯಭಾರಿಯ ನೌಕೆಯನ್ನು ಹತ್ತಿ ಆಶ್ರಯ ಕೇಳಿ, ದೇಶ ಬಿಟ್ಟರು. ಆಗ ವಯಸ್ಸು 56. ನಮ್ಮಲ್ಲಿ ಜನ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು. ಮುಂದಿನ ಎಂಟು ವರ್ಷ ಯುರೋಪಿನ ಊರುಗಳಲ್ಲಿ ಅಲೆದಾಟ.

ಹೊರಗಿದ್ದವರು ಕಟ್ಟಿದ ಭಾಷೆ

ಆ ಎಂಟು ವರ್ಷ ಅವರು ಓಡಾಡಿದ ಲೋಕ ನಮ್ಮ ಲೋಕವನ್ನೇ ಹೋಲುತ್ತದೆ. ಅಲ್ಬೇನಿಯನ್ ಪುಸ್ತಕ, ಪತ್ರಿಕೆಗಳು ಆಗ ಹೆಚ್ಚಾಗಿ ಹುಟ್ಟುತ್ತಿದ್ದದ್ದು ಅಲ್ಬೇನಿಯಾದಲ್ಲಲ್ಲ. ಬುಖಾರೆಸ್ಟ್, ಸೋಫಿಯಾ, ಇಸ್ತಾಂಬುಲ್, ಬ್ರಸೆಲ್ಸ್, ಬಾಸ್ಟನ್ನುಗಳಲ್ಲಿ. ವ್ಯಾಪಾರಕ್ಕೆ ಹೋದವರು, ಕೂಲಿಗೆ ಹೋದವರು, ಓದಲು ಹೋದವರು ಸಂಘ ಕಟ್ಟಿಕೊಂಡು, ಚಂದಾ ಎತ್ತಿ, ಅಚ್ಚು ಹಾಕಿಸಿ, ಊರಿಗೆ ಗುಟ್ಟಾಗಿ ಕಳಿಸುತ್ತಿದ್ದರು. ಫಾಯಿಕ್ ಕೊನಿಕಾ 1897ರಲ್ಲಿ 'ಅಲ್ಬೇನಿಯಾ' ಪತ್ರಿಕೆ ಶುರು ಮಾಡಿದ್ದು ಬ್ರಸೆಲ್ಸ್‌ನಲ್ಲಿ. ಬಾಸ್ಟನ್ನಿನಲ್ಲಿ 1909ರಲ್ಲಿ ಹುಟ್ಟಿದ ಪತ್ರಿಕೆಯ ಹೆಸರು 'ದಿಯೆಲ್ಲಿ', ಅಂದರೆ ಸೂರ್ಯ. ಊರಿನಿಂದ ದೂರವಿದ್ದವರಿಗೆ ಒಂದು ಅನುಕೂಲವಿತ್ತು. ಮುಸ್ಲಿಮ, ಆರ್ಥೊಡಾಕ್ಸ್, ಕ್ಯಾಥೊಲಿಕ್ ಎಂಬ ಗೆರೆ ಪರದೇಶದಲ್ಲಿ ಸ್ವಲ್ಪ ಮಸುಕಾಗಿ, ಒಂದೇ ಮಾತು ಆಡುವವರು ಎಂಬುದು ಎದ್ದು ಕಾಣುತ್ತಿತ್ತು. ಪುಣೆಯ ನಮ್ಮ ಸಂಘದಲ್ಲಿ ಬೀದರಿನವರೂ ಮಂಗಳೂರಿನವರೂ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುವಾಗ ನನಗೂ ಹಾಗೇ ಅನಿಸಿದೆ.

ಊರಿನಲ್ಲಿ ಇದ್ದವರಿಗೆ ಅದು ಅಷ್ಟು ಸುಲಭವಿರಲಿಲ್ಲ. 1887ರಲ್ಲಿ ಕೊರ್ಚಾ ಪಟ್ಟಣದಲ್ಲಿ ಮೊದಲ ಅಲ್ಬೇನಿಯನ್ ಶಾಲೆ ತೆರೆಯಿತು. ಅದು ಬಹಳ ಕಾಲ ನಡೆಯಲು ಬಿಡಲಿಲ್ಲ. ಪಾಪಾ ಕ್ರಿಸ್ತೊ ನೆಗೊವಾನಿ ಎಂಬ ಆರ್ಥೊಡಾಕ್ಸ್ ಪಾದ್ರಿ ಚರ್ಚಿನಲ್ಲಿ ಗ್ರೀಕ್ ಬದಲು ಅಲ್ಬೇನಿಯನ್ನಿನಲ್ಲಿ ಪೂಜೆ ನಡೆಸಿದ್ದಕ್ಕೆ 1905ರಲ್ಲಿ ಕೊಲೆಯಾದರು. ಜನರಿಗೆ ತಿಳಿಯುವ ಮಾತಿನಲ್ಲಿ ಪ್ರಾರ್ಥನೆ ಹೇಳಿದ್ದೇ ಅವರ ತಪ್ಪು.

1908ರ ನವೆಂಬರಿನಲ್ಲಿ ಮನಾಸ್ತಿರ್ ಪಟ್ಟಣದಲ್ಲಿ ಒಂದು ಸಮ್ಮೇಳನ ನಡೆಯಿತು. ಮೂರೂ ಧರ್ಮದವರು, ಊರಿನವರೂ ಹೊರಗಿನವರೂ ಸೇರಿ, ವಾರಕ್ಕೂ ಹೆಚ್ಚು ಕಾಲ ಕೂತು, ಭಾಷೆಯನ್ನು ಇನ್ನು ಮುಂದೆ ಲ್ಯಾಟಿನ್ ಲಿಪಿಯಲ್ಲಿ ಬರೆಯುವುದೆಂದು ತೀರ್ಮಾನಿಸಿದರು. ಇಂದಿಗೂ ಅಲ್ಬೇನಿಯನ್ ವರ್ಣಮಾಲೆಯ 36 ಅಕ್ಷರಗಳು ಆ ಸಮ್ಮೇಳನದಿಂದ ಬಂದವೇ. ನವೆಂಬರ್ 22ನ್ನು ಅವರು ವರ್ಣಮಾಲೆಯ ದಿನವೆಂದು ಆಚರಿಸುತ್ತಾರೆ. ನನ್ನ ಸಹೋದ್ಯೋಗಿಯ ಪ್ರಕಾರ ಬಾವುಟದ ದಿನಕ್ಕಿಂತ ಆರು ದಿನ ಮೊದಲು ಅಕ್ಷರದ ದಿನ ಬರುವುದೇ ಸರಿ, ಯಾಕೆಂದರೆ ನಿಜವಾಗಿ ಆದದ್ದೂ ಅದೇ ಕ್ರಮದಲ್ಲಿ.

ಕೇಳಿದ್ದು ಸಿಕ್ಕಾಗ

ಲಿಪಿ ಸಮ್ಮೇಳನ ಬಹಿರಂಗವಾಗಿ ನಡೆಯಲು ಒಂದು ಕಾರಣವಿತ್ತು. ಅದೇ ವರ್ಷ ಜುಲೈಯಲ್ಲಿ ಯಂಗ್ ಟರ್ಕ್ ಎಂಬ ಅಧಿಕಾರಿಗಳ ಕೂಟ ಸುಲ್ತಾನನನ್ನು ಬಗ್ಗಿಸಿ ಸಂವಿಧಾನವನ್ನು ಮತ್ತೆ ಜಾರಿಗೆ ತಂದಿತ್ತು. ಚೆಮಾಲಿ ಇಸ್ತಾಂಬುಲಿಗೆ ಮರಳಿ, ಬೆರಾತ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. ಮೂವತ್ತು ವರ್ಷ ಕಾದಿದ್ದು ಕೊನೆಗೂ ಕೈಗೆ ಬಂತು ಅನಿಸಿರಬೇಕು. ಆದರೆ ಹೊಸಬರ ಕನಸು ಬೇರೆಯಿತ್ತು. ಎಲ್ಲವನ್ನೂ ಇಸ್ತಾಂಬುಲಿನಿಂದಲೇ ಹಿಡಿತದಲ್ಲಿಡಬೇಕು, ಭಾಷೆಯೂ ಒಂದೇ ಇರಬೇಕು ಎಂಬ ಕಡೆಗೆ ಅವರು ವಾಲಿದರು. ಅಲ್ಬೇನಿಯನ್ ಬರೆಯುವುದಾದರೆ ಅರಬ್ಬಿ ಲಿಪಿಯಲ್ಲೇ ಬರೆಯಿರಿ ಎಂಬ ಒತ್ತಡ ಬಂತು. ಚೆಮಾಲಿ ಸಂಸತ್ತಿನಲ್ಲಿ ಉದಾರವಾದಿ ವಿರೋಧ ಪಕ್ಷದ ಮುಂದಾಳುಗಳಲ್ಲಿ ಒಬ್ಬರಾದರು. 1909ರ ಏಪ್ರಿಲ್‌ನಲ್ಲಿ ರಾಜಧಾನಿಯಲ್ಲಿ ಪ್ರತಿಕ್ರಾಂತಿಯ ಗಲಭೆ ಎದ್ದಾಗ ಕೆಲವೇ ದಿನ ಸಂಸತ್ತಿನ ಅಧ್ಯಕ್ಷರೂ ಆದರು, ನಂತರ ಮತ್ತೆ ದೇಶ ಬಿಡಬೇಕಾಯಿತು.

1910ರಿಂದ ಅಲ್ಬೇನಿಯನ್ನರ ದಂಗೆಗಳು ಒಂದರ ಹಿಂದೆ ಒಂದು. ಅವರ ಬೇಡಿಕೆಗಳನ್ನು ನೋಡಿದರೆ ನನ್ನ ಸಹೋದ್ಯೋಗಿಯ ಮಾತು ಅರ್ಥವಾಗುತ್ತದೆ. 1911ರಲ್ಲಿ ಚೆಮಾಲಿ, ಯುವ ಕವಿ ಲುಯಿಜ್ ಗುರಾಕುಚಿ ಜೊತೆ ಸೇರಿ ದಂಗೆಯ ನಾಯಕರಿಗಾಗಿ ಸಿದ್ಧಪಡಿಸಿದ ಮನವಿಯಲ್ಲಿ ಇದ್ದದ್ದು ಸ್ವಾತಂತ್ರ್ಯವಲ್ಲ. ನಮ್ಮ ಭಾಷೆಯಲ್ಲಿ ಶಾಲೆ, ನಮ್ಮ ಭಾಷೆ ಬಲ್ಲ ಅಧಿಕಾರಿಗಳು, ನಮ್ಮ ತೆರಿಗೆಯಲ್ಲಿ ಒಂದು ಪಾಲು ನಮ್ಮ ರಸ್ತೆಗಳಿಗೆ, ನಮ್ಮ ಹುಡುಗರಿಗೆ ಶಾಂತಿಕಾಲದಲ್ಲಿ ನಮ್ಮ ಕಡೆಯೇ ಸೈನ್ಯದ ಸೇವೆ. ನಾಲ್ಕು ಪ್ರಾಂತ್ಯಗಳನ್ನು ಒಂದಾಗಿಸಿ ಎಂಬ ಮಾತಂತೂ 1878ರ ಪ್ರಿಜ್ರೆನ್ ಸಭೆಯ ಕಾಲದಿಂದಲೂ ಇತ್ತು. ಒಂದು ಭಾಷೆಗೆ ಒಂದು ರಾಜ್ಯ ಕೊಡಿ, ಸಾಮ್ರಾಜ್ಯದೊಳಗೇ ಇರುತ್ತೇವೆ, ಇಷ್ಟೇ.

1912ರ ಬೇಸಿಗೆಯಲ್ಲಿ ದಂಗೆಕೋರರು ಸ್ಕೋಪ್ಯೆ ನಗರವನ್ನೇ ಹಿಡಿದರು. ಸೆಪ್ಟೆಂಬರ್ 4ರಂದು ಸರ್ಕಾರ ಬಹುತೇಕ ಎಲ್ಲ ಬೇಡಿಕೆಗಳಿಗೂ ಒಪ್ಪಿತು. ದಶಕಗಳ ಕಾಲ ಕೇಳಿದ್ದು ಸಿಕ್ಕಿತು. ಆದರೆ ಕೊಟ್ಟವರ ಕೈಯಲ್ಲಿ ಉಳಿದಿದ್ದ ಸಮಯ ಐದು ವಾರ ಮಾತ್ರ. ಅಕ್ಟೋಬರಿನಲ್ಲಿ ಮಾಂಟೆನೆಗ್ರೊ, ಸರ್ಬಿಯಾ, ಬಲ್ಗೇರಿಯಾ, ಗ್ರೀಸ್ ನಾಲ್ಕೂ ಸೇರಿ ಒಟ್ಟೋಮನ್ನರ ಮೇಲೆ ಯುದ್ಧ ಸಾರಿದವು. ಸಾಮ್ರಾಜ್ಯದ ಯುರೋಪಿನ ಭಾಗ ಕಣ್ಣೆದುರೇ ಕುಸಿಯತೊಡಗಿತು. ಸರ್ಬಿಯಾ ಸೇನೆ ಕೊಸೊವೊ ದಾಟಿ ಸಮುದ್ರದ ಕಡೆಗೆ ಬರುತ್ತಿತ್ತು, ಗ್ರೀಕರು ದಕ್ಷಿಣದಿಂದ, ಮಾಂಟೆನೆಗ್ರೊದವರು ಉತ್ತರದಿಂದ. ಸ್ವಾಯತ್ತತೆ ಕೊಡುತ್ತೇನೆ ಎಂದ ಸರ್ಕಾರವೇ ಇಲ್ಲವಾಗುತ್ತಿತ್ತು. ಒಟ್ಟೋಮನ್ ಆಸ್ತಿ ಎಂಬ ಲೆಕ್ಕದಲ್ಲೇ ಅಲ್ಬೇನಿಯನ್ನರ ನೆಲ ಗೆದ್ದವರ ಪಾಲಿಗೆ ಹಂಚಿಹೋಗುವುದರಲ್ಲಿತ್ತು.

ಮೂರು ವಾರದ ಓಟ

ದೊಡ್ಡ ಮನೆ ಉಳಿಸಲು ಐವತ್ತು ವರ್ಷ ತೆಗೆದುಕೊಂಡ ಮನುಷ್ಯ, ಅದು ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೆ ಮೂರು ವಾರದಲ್ಲಿ ಕೆಲಸ ಮುಗಿಸಿದರು. ನವೆಂಬರ್ 5ಕ್ಕೆ ಬುಖಾರೆಸ್ಟ್‌ನಲ್ಲಿ ಅಲ್ಲಿನ ಅಲ್ಬೇನಿಯನ್ ವಲಸಿಗರ ಸಭೆ. ಅಲ್ಲಿಂದ ಆಸ್ಟ್ರಿಯಾ-ಹಂಗೆರಿಗೆ. ಬುಡಾಪೆಸ್ಟ್‌ನಲ್ಲಿ ಆ ದೇಶದ ವಿದೇಶಾಂಗ ಮಂತ್ರಿ ಬೆರ್ಶ್ಟೋಲ್ಡ್ ಭೇಟಿ. ಸರ್ಬಿಯಾಕ್ಕೆ ಸಮುದ್ರದ ದಂಡೆ ಸಿಗಬಾರದು ಎಂಬುದು ಆಸ್ಟ್ರಿಯಾದ ಹಟ, ಇಟಲಿಗೂ ಅದೇ ಬೇಕಿತ್ತು. ಆ ಹಟದಲ್ಲಿ ತನ್ನ ಜನಕ್ಕೆ ಒಂದು ಕಿಂಡಿ ಇದೆ ಎಂದು ಹಳೇ ಅಧಿಕಾರಿಗೆ ಗೊತ್ತಾಯಿತು. ಎಷ್ಟೋ ಆಸ್ಥಾನಗಳನ್ನು ನೋಡಿದ್ದ ಅನುಭವ ಇಲ್ಲಿ ಕೆಲಸಕ್ಕೆ ಬಂತು. ಟ್ರಿಯೆಸ್ಟೆಯಲ್ಲಿ ಹಡಗು ಹತ್ತಿ ನವೆಂಬರ್ 21ಕ್ಕೆ ದುರ್ರೆಸ್ ಬಂದರಿನಲ್ಲಿ ಇಳಿದರು. ಅಲ್ಲಿ ಬೆಂಬಲ ಸಾಲದೆ, ಬಯಲು, ಜವುಗು ದಾಟಿ ಹುಟ್ಟೂರು ವ್ಲೋರಾಕ್ಕೆ ಬಂದರು.

1912ರ ನವೆಂಬರ್ 28. ಅವರ ಹಳೆಯ ಪಂಚಾಂಗದಲ್ಲಿ 15. ಸುಮಾರು ನಲವತ್ತು ಪ್ರತಿನಿಧಿಗಳು ಸೇರಿದ್ದರು. ಎಷ್ಟೋ ಊರಿನವರು ದಾರಿಯಲ್ಲಿ ಸೇನೆಗಳು ಇದ್ದುದರಿಂದ ತಲುಪಿರಲೇ ಇಲ್ಲ. ಅಲ್ಬೇನಿಯಾ ಇಂದಿನಿಂದ ಸ್ವತಂತ್ರ ಎಂದು ಸಭೆ ಘೋಷಿಸಿತು. ಕೆಂಪು ಬಟ್ಟೆಯ ಮೇಲೆ ಎರಡು ತಲೆಯ ಕಪ್ಪು ಹದ್ದಿನ ಬಾವುಟವನ್ನು ಚೆಮಾಲಿ ಮೇಲೇರಿಸಿದರು. ಹದಿನೈದನೇ ಶತಮಾನದಲ್ಲಿ ಒಟ್ಟೋಮನ್ನರನ್ನು ಎದುರಿಸಿದ ಸ್ಕಂದರ್‌ಬೆಗ್‌ನ ಬಾವುಟ ಅದು. ಆತ ಕ್ರುಯಾ ಕೋಟೆಯ ಮೇಲೆ ಬಾವುಟ ಹಾರಿಸಿದ್ದೂ 1443ರ ನವೆಂಬರ್ 28ರಂದೇ ಎಂಬುದು ಅಲ್ಬೇನಿಯನ್ನರ ನಂಬಿಕೆ. ವ್ಲೋರಾದ ಬಾವುಟವನ್ನು ಹೊಲಿದವರು ಯಾರು ಎಂಬ ಬಗ್ಗೆ ಮಾತ್ರ ಒಂದಕ್ಕಿಂತ ಹೆಚ್ಚು ಕಥೆಗಳಿವೆ.

ಮರುದಿನವೇ ದುರ್ರೆಸ್ ಸರ್ಬಿಯಾ ಸೇನೆಯ ಕೈಗೆ ಹೋಯಿತು. ಚೆಮಾಲಿ ಹಡಗಿನಿಂದ ಇಳಿದು ಎಂಟು ದಿನವಾಗಿತ್ತು, ಅಷ್ಟೇ. ಇನ್ನೆಂಟು ದಿನ ತಡ ಮಾಡಿದ್ದರೆ ಅವರಿಗೆ ಇಳಿಯಲು ಆ ಬಂದರು ಇರುತ್ತಿರಲಿಲ್ಲ.

ಹಳೇ ಅಂಚೆಚೀಟಿ, ಹೊಸ ಮುದ್ರೆ

ಹೊಸ ಸರ್ಕಾರಕ್ಕೆ ಚೆಮಾಲಿ ಮುಖ್ಯಸ್ಥರು. ಉಪ ಮುಖ್ಯಸ್ಥರಾಗಿ ನಿಕೊಲ್ ಕಚೋರಿ ಎಂಬ ಕ್ಯಾಥೊಲಿಕ್ ಪಾದ್ರಿ, ಶಿಕ್ಷಣಕ್ಕೆ ಕ್ಯಾಥೊಲಿಕರಾದ ಗುರಾಕುಚಿ. ಆರ್ಥೊಡಾಕ್ಸರೂ ಮಂತ್ರಿಗಳಾದರು. ಧರ್ಮದ ಕಾಲಮ್ಮಿನಲ್ಲಿ ಎಣಿಸಿಕೊಂಡಿದ್ದವರು ಮೊದಲ ಬಾರಿಗೆ ಭಾಷೆಯ ಹೆಸರಿನಲ್ಲಿ ಒಂದು ಮೇಜಿನ ಸುತ್ತ ಕೂತರು. ಆದರೆ ಸರ್ಕಾರದ ಕೈಯಲ್ಲಿ ಇದ್ದದ್ದು ವ್ಲೋರಾ, ಬೆರಾತ್, ಫಿಯೆರ್ ಸುತ್ತಲಿನ ಒಂದು ತುಂಡು ನೆಲ. ಗ್ರೀಕ್ ನೌಕಾಪಡೆ ಸಮುದ್ರಕ್ಕೆ ದಿಗ್ಬಂಧನ ಹಾಕಿ, ಊರಿನ ಮೇಲೆ ಗುಂಡೂ ಹಾರಿಸಿತು. ಹಣ ಇಲ್ಲ, ಸೈನ್ಯ ಇಲ್ಲ. 1913ರಲ್ಲಿ ಅಂಚೆಚೀಟಿ ಬೇಕಾದಾಗ, ಉಳಿದುಕೊಂಡಿದ್ದ ತುರ್ಕಿ ಅಂಚೆಚೀಟಿಗಳ ಮೇಲೆಯೇ ಎರಡು ತಲೆಯ ಹದ್ದಿನ ಮುದ್ರೆ ಒತ್ತಿದರು. ಆ ಚೀಟಿಯ ಚಿತ್ರ ನೋಡಿದಾಗ ನನಗೆ ಚೆಮಾಲಿಯವರೇ ಕಂಡರು. ಕೆಳಗೆ ಸುಲ್ತಾನನ ಮೊಹರು ಇನ್ನೂ ಕಾಣುತ್ತದೆ, ಮೇಲೆ ಹದ್ದು.

ವಸಂತದಲ್ಲಿ ದಿಗ್ಬಂಧನ ತಪ್ಪಿಸಿಕೊಂಡು ಅವರು ಯುರೋಪಿನ ರಾಜಧಾನಿಗಳಿಗೆ ಹೋದರು. ಲಂಡನ್ನಿನಲ್ಲಿ ಆರು ದೊಡ್ಡ ದೇಶಗಳ ರಾಯಭಾರಿಗಳು 1912ರ ಡಿಸೆಂಬರಿನಿಂದಲೂ ಕೂತು ಗಡಿ ಬರೆಯುತ್ತಿದ್ದರು. ಕೊಸೊವೊದ ಯೋಧ ಈಸಾ ಬೊಲೆತಿನಿ ಇವರ ಜೊತೆಗಿದ್ದರು. ಆದರೆ 1913ರ ಜುಲೈ 29ರಂದು ಬಂದ ತೀರ್ಮಾನದಲ್ಲಿ ಬೊಲೆತಿನಿಯ ಊರೇ ಇರಲಿಲ್ಲ. ಅಲ್ಬೇನಿಯಾ ಎಂಬ ದೇಶ ಇರುತ್ತದೆ, ಅದಕ್ಕೆ ಒಬ್ಬ ಯುರೋಪಿಯನ್ ರಾಜಕುಮಾರ ಬರುತ್ತಾನೆ, ಕೊಸೊವೊ ಹೊರಗೆ. ಚೆಮಾಲಿ ಓದಿದ ಯಾನಿನಾ ಆಗಲೇ ಗ್ರೀಸಿಗೆ ಸೇರಿತ್ತು. ಅಲ್ಬೇನಿಯನ್ ಮಾತನಾಡುವವರಲ್ಲಿ ಬಹು ದೊಡ್ಡ ಭಾಗ ಗಡಿಯಾಚೆ ಉಳಿಯಿತು.

ಆ ಗಡಿಯಾಚೆ ಉಳಿದ ಮನೆಗಳಲ್ಲಿ ಒಂದು ನಮಗೆಲ್ಲ ಗೊತ್ತಿರುವುದು. 1910ರಲ್ಲಿ ಸ್ಕೋಪ್ಯೆಯಲ್ಲಿ ಅಲ್ಬೇನಿಯನ್ ಕ್ಯಾಥೊಲಿಕ್ ಕುಟುಂಬದಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ವ್ಲೋರಾದಲ್ಲಿ ಬಾವುಟ ಏರಿದಾಗ ಅದಕ್ಕೆ ಎರಡು ವರ್ಷ, ಸ್ಕೋಪ್ಯೆ ಆಗ ಸರ್ಬಿಯಾದ ವಶದಲ್ಲಿತ್ತು. 1929ರಲ್ಲಿ ಭಾರತಕ್ಕೆ ಬಂದ ಆಕೆಯನ್ನು ನಾವು ಮದರ್ ತೆರೇಸಾ ಎಂದು ಕರೆದೆವು.

ಒಳಗಿನ ಜಗಳವೂ ಕಡಿಮೆಯಿರಲಿಲ್ಲ. ಎಸ್ಸಾದ್ ಪಾಷಾ ತೊಪ್ತಾನಿ ಎಂಬ ಜಮೀನ್ದಾರ 1913ರ ಅಕ್ಟೋಬರಿನಲ್ಲಿ ದುರ್ರೆಸ್‌ನಲ್ಲಿ ಪ್ರತಿ ಸರ್ಕಾರ ಕಟ್ಟಿದ. 1914ರ ಜನವರಿಯಲ್ಲಿ, ಅಲ್ಬೇನಿಯನ್ ಮೂಲದ ತುರ್ಕಿ ಸೇನಾನಿ ಇಜ್ಜತ್ ಪಾಷಾರನ್ನು ಸಿಂಹಾಸನಕ್ಕೆ ತರುವ ಒಂದು ಸಂಚು ವ್ಲೋರಾದಲ್ಲಿ ಬಯಲಾಯಿತು. ಅದರಲ್ಲಿ ಚೆಮಾಲಿಯವರ ಪಾತ್ರ ಎಷ್ಟಿತ್ತು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಹಿಂದೆ 1907ರಲ್ಲಿ ಅವರು ಗ್ರೀಕ್ ಸರ್ಕಾರದೊಂದಿಗೂ ಒಪ್ಪಂದದ ಮಾತು ನಡೆಸಿದ್ದರು. ಸಿಕ್ಕ ಬಾಗಿಲನ್ನೆಲ್ಲ ತಟ್ಟುವ ಮನುಷ್ಯ ಅವರು. ಕೆಲವೊಮ್ಮೆ ತಟ್ಟಬಾರದ ಬಾಗಿಲನ್ನೂ ತಟ್ಟಿದರು ಅಂತ ನನಗನಿಸುತ್ತದೆ. ಜನವರಿ 22ರಂದು ರಾಜೀನಾಮೆ ಕೊಟ್ಟು, ಅಧಿಕಾರವನ್ನು ದೊಡ್ಡ ದೇಶಗಳ ಆಯೋಗಕ್ಕೆ ಒಪ್ಪಿಸಿ, ಊರು ಬಿಟ್ಟರು. ಹದಿನಾಲ್ಕು ತಿಂಗಳೂ ತುಂಬಿರಲಿಲ್ಲ. ಮಾರ್ಚಿನಲ್ಲಿ ಬಂದ ಜರ್ಮನ್ ರಾಜಕುಮಾರ ವಿಲ್ಹೆಲ್ಮ್ ಆರೇ ತಿಂಗಳಲ್ಲಿ ಹೊರಟುಹೋದ.

ತಡವಾಗಿ ಬಂದವರು

ಮೊದಲ ಮಹಾಯುದ್ಧದ ಕಾಲವನ್ನು ಚೆಮಾಲಿ ಬಹುಪಾಲು ಪ್ಯಾರಿಸ್‌ನಲ್ಲಿ ಕಳೆದರು. ಅವರ ಆತ್ಮಕಥೆ ಸತ್ತ ಮೇಲೆ, 1920ರಲ್ಲಿ ಲಂಡನ್ನಿನಲ್ಲಿ, ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಪುಸ್ತಕದ ಬಹುಪಾಲು ಇಸ್ತಾಂಬುಲಿನ ರಾಜಕಾರಣ, ಸಂವಿಧಾನದ ಆಸೆ, ಸುಲ್ತಾನನ ಕಥೆ. ನಾವು ಮುಖ್ಯ ಎಂದುಕೊಳ್ಳುವ ಅಲ್ಬೇನಿಯಾ ಕೊನೆಗೆ ಬರುತ್ತದೆ. ಅವರ ಬದುಕಿನಲ್ಲೂ ಹಾಗೆಯೇ ತಾನೆ ಬಂದದ್ದು. ಗ್ರೀಕಿನಲ್ಲಿ ಓದಿ, ತುರ್ಕಿಯಲ್ಲಿ ಆಡಳಿತ ನಡೆಸಿ, ಇಂಗ್ಲಿಷಿನಲ್ಲಿ ಆತ್ಮಕಥೆ ಬಿಟ್ಟುಹೋದ ಮನುಷ್ಯ ಅಲ್ಬೇನಿಯನ್ ಭಾಷಿಕರ ಬಾವುಟ ಹಾರಿಸಿದ್ದು.

1919ರ ಜನವರಿಯಲ್ಲಿ, ಪ್ಯಾರಿಸ್ ಶಾಂತಿ ಸಮ್ಮೇಳನ ಶುರುವಾದ ಹೊತ್ತಿಗೆ, ಇಟಲಿಯ ಪೆರುಜಾದಲ್ಲಿ ಅವರು ತೀರಿಕೊಂಡರು. ಆಗಷ್ಟೇ 75 ತುಂಬಿತ್ತು. ದೇಹವನ್ನು ವ್ಲೋರಾದ ಪಕ್ಕದ ಕನಿನಾ ಊರಿಗೆ ತಂದು ಮಣ್ಣು ಮಾಡಿದರು. ಬಾವುಟ ಹಾರಿಸಿದ ಊರು ಆಗ ಇಟಲಿ ಸೇನೆಯ ವಶದಲ್ಲಿತ್ತು. ಅವರು ಕಣ್ಣು ಮುಚ್ಚಿದಾಗ ದೇಶ ಉಳಿಯುತ್ತದೆಯೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಮರುವರ್ಷ ಜನವರಿಯಲ್ಲಿ ಲುಶ್ನ್ಯೆ ಎಂಬಲ್ಲಿ ಸಭೆ ಸೇರಿ ಹೊಸ ಸರ್ಕಾರ ಕಟ್ಟಿದರು, ಟಿರಾನಾ ರಾಜಧಾನಿಯಾಯಿತು. ವ್ಲೋರಾದ ಜನ ಎದ್ದು ನಿಂತು ಆಗಸ್ಟಿನಲ್ಲಿ ಇಟಲಿಯನ್ನು ಒಪ್ಪಂದಕ್ಕೆ ಮಣಿಸಿ ಸೇನೆಯನ್ನು ಕಳಿಸಿದರು. 1932ರಲ್ಲಿ ಚೆಮಾಲಿಯವರ ಅಸ್ಥಿಯನ್ನು ವ್ಲೋರಾದ ಬಾವುಟದ ಚೌಕಕ್ಕೆ ತಂದು ಇಟ್ಟರು. 2008ರಲ್ಲಿ ಸ್ವತಂತ್ರವಾದ ಕೊಸೊವೊದಲ್ಲೂ ಇಂದು ನವೆಂಬರ್ 28 ಬಾವುಟದ ದಿನವೇ.

ಇಷ್ಟು ಓದಿದ ಮೇಲೆ ನಾನು ಮತ್ತೆ ಮತ್ತೆ ಬರುವುದು ಆ ಐದು ವಾರದ ಲೆಕ್ಕಕ್ಕೆ. ಭಾಷೆಗೊಂದು ಶಾಲೆ, ಒಂದು ಆಡಳಿತ ಎಂದು ಕೇಳಿದವರಿಗೆ ಇಸ್ತಾಂಬುಲ್ 1878ರಲ್ಲಿ ಕೊಟ್ಟಿದ್ದರೆ, 1908ರಲ್ಲಾದರೂ ಕೊಟ್ಟಿದ್ದರೆ, ಚೆಮಾಲಿಯಂಥವರು ಕೊನೆಯವರೆಗೂ ಅದರ ಅಧಿಕಾರಿಗಳಾಗಿಯೇ ಇರುತ್ತಿದ್ದರು. ಹುಟ್ಟಾ ಪ್ರತ್ಯೇಕತಾವಾದಿ ಅವರಾಗಿರಲಿಲ್ಲ. ತಡ ಮಾಡಿ ಮಾಡಿ ಸಾಮ್ರಾಜ್ಯವೇ ಅವರನ್ನು ಹಾಗೆ ಮಾಡಿತು. ಭಾಷೆಗೆ ಜಾಗ ಕೊಟ್ಟರೆ ದೇಶ ಒಡೆಯುತ್ತದೆ ಎಂಬ ಮಾತನ್ನು ನಮ್ಮ ಮೆಟ್ರೋ ಊರುಗಳ ಕ್ಯಾಂಟೀನುಗಳಲ್ಲಿ ಈಗಲೂ ಕೇಳುತ್ತೇನೆ. ವ್ಲೋರಾದ ಕಥೆ ಅದಕ್ಕೆ ತಿರುಗುಮುರುಗು.

ನಮ್ಮ ಅಜ್ಜ ಧಾರವಾಡ ಜಿಲ್ಲೆಯವರು. ಅವರು ಹುಡುಗನಾಗಿದ್ದಾಗ ಅವರ ರಾಜಧಾನಿ ಮುಂಬೈ, ಬೆಂಗಳೂರು ಬೇರೆ ರಾಜರ ಊರು. 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕೂತದ್ದನ್ನೂ ಹುಬ್ಬಳ್ಳಿಯಲ್ಲಿ ಗಲಭೆ ಎದ್ದದ್ದನ್ನೂ ನೂರು ಸಲ ಹೇಳುತ್ತಿದ್ದರು. ನನಗೆ ಆಗ ಬೇಸರ ಬರುತ್ತಿತ್ತು. ಕಾಸರಗೋಡು ಉಳಿದುಹೋಯಿತು ಎಂಬ ನೋವು ಅವರಿಗೆ ಕೊನೆಯವರೆಗೂ ಇತ್ತು. ಆದರೂ ದೆಹಲಿ ಆ ಮಾತನ್ನು ಸಮಯಕ್ಕೆ ಸರಿಯಾಗಿ ಕೇಳಿಸಿಕೊಂಡಿತು. ಅದಕ್ಕೇ ನಾನು ಪುಣೆಯಲ್ಲಿ ಕೂತು ಆಗಸ್ಟಿನಲ್ಲಿ ಒಂದು ಬಾವುಟಕ್ಕೂ ನವೆಂಬರಿನಲ್ಲಿ ಇನ್ನೊಂದಕ್ಕೂ ಕೈ ಎತ್ತುತ್ತೇನೆ. ಎರಡರ ನಡುವೆ ಒಂದನ್ನು ಆರಿಸು ಎಂದು ನನ್ನನ್ನು ಯಾರೂ ಕೇಳಿಲ್ಲ. ಇದು ಎಷ್ಟು ದೊಡ್ಡದು ಅಂತ ಟಿರಾನಾದವರು ಹೇಳುವ ತನಕ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಸಣ್ಣ ಮಾತು. ನನ್ನ ಒಂಬತ್ತು ವರ್ಷದ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ ಇವೆ, ಇನ್ನು ತಡವಾಯಿತು ಬಿಡು ಎಂದು ನಾವಿಬ್ಬರೂ ಸುಮ್ಮನಾಗಿದ್ದೆವು. ಈಗ ಭಾನುವಾರ ಬೆಳಿಗ್ಗೆ ಸಂಘದ ತರಗತಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮೊನ್ನೆ "ಅಪ್ಪಾ, ಒತ್ತಕ್ಷರ ಯಾಕೆ ಕೆಳಗೆ ಬರೀಬೇಕು?" ಎಂದು ಕೇಳಿದಳು. ನನಗೂ ಉತ್ತರ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಮೇಷ್ಟ್ರನ್ನೇ ಕೇಳೋಣ ಅಂದೆ.